ಜೊತೆಗಾಗಿ ಹಚ್ಚಿದ ಸಿಗರೇಟು

"ರೀ ಮೇಡಂ... ಉಲ್ಟಾ ಹಿಡ್ಕೊಂಡಿದ್ದೀರಿ!"

ಬೆಂಕಿಕಡ್ಡಿ ಗೀರಿದ ಕೈ ಹಾಗೇ ನಿಂತುಹೋಯಿತು. ಅವಳು ಗಾಬರಿಯಿಂದ ತಲೆಯೆತ್ತಿ ನೋಡಿದಳು.

ಹೋಟೆಲ್ಲಿನ ಹಿಂಬಾಗಿಲ ಮೆಟ್ಟಿಲಿನ ಮೇಲೆ ಒಬ್ಬ ಅಡುಗೆಯವನು ನಿಂತಿದ್ದ. ಬಿಳಿ ಕೋಟು, ಹೆಗಲ ಮೇಲೊಂದು ಒರೆಸುವ ಬಟ್ಟೆ, ಬೆರಳ ಸಂದಿಯಲ್ಲಿ ಅರ್ಧ ಉರಿದ ಸಿಗರೇಟು. ಅವನ ಕಣ್ಣು ಅವಳ ತುಟಿಯ ಮೇಲೇ ಇತ್ತು... ಅಲ್ಲಲ್ಲ, ತುಟಿಯಲ್ಲಿದ್ದ ಸಿಗರೇಟಿನ ಮೇಲೆ!

ನೋಡಿಕೊಂಡಳು. ತಂಬಾಕಿನ ತುದಿ ಬಾಯಿಗೆ, ಫಿಲ್ಟರ್ ಹೊರಗೆ.

"ಅದು... ನಾನು ಸೇದೋದೇ ಹೀಗೆ," ಎಂದುಬಿಟ್ಟಳು.

ಆ ಮಾತು ಬಾಯಿಂದ ಹೊರಬಿದ್ದ ಮೇಲೆ, ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು ಅವಳಿಗೆ. ಅಷ್ಟರಲ್ಲಿ ಕಡ್ಡಿ ಉರಿದು ಬೆರಳಿಗೆ ಬಂದಿತ್ತು.

"ಅಮ್ಮಾ!"

ಅವನು ಒಂದೇ ಹೆಜ್ಜೆಗೆ ಕೆಳಗಿಳಿದು ಅವಳ ಮಣಿಕಟ್ಟು ಹಿಡಿದು, ಗೋಡೆಯ ಪಕ್ಕದ ನಲ್ಲಿಯ ಕೆಳಗೆ ಬೆರಳಿಟ್ಟ. ತಣ್ಣೀರು ಸುರಿಯಿತು. ಇನ್ನೊಬ್ಬ ಮನುಷ್ಯ ತನ್ನ ಕೈ ಮುಟ್ಟಿ ಎಷ್ಟು ಕಾಲವಾಯಿತು? ಅವಳಿಗೆ ನೆನಪಾಗಲಿಲ್ಲ. ಉರಿಗೋ ಅಥವಾ ಬೇರೆ ಯಾವುದಕ್ಕೋ, ಕಣ್ಣು ತುಂಬಿ ಬಂತು.

"ಯಾಕೆ ಶುರು ಮಾಡ್ತಿದ್ದೀರಿ ಇದನ್ನ?" ಅವನು ಕೇಳಿದ.

"ಶುರು ಏನಿಲ್ಲ. ನಾನು ಹಳೇ ಗಿರಾಕಿ."

"ಓಹೋ!"

ಅವನು ಸಿಗರೇಟನ್ನು ಸರಿಯಾಗಿ ತಿರುಗಿಸಿ ಕೊಟ್ಟು, ತಾನೇ ಬೆಂಕಿ ಹಿಡಿದ. ಅವಳು ಧೈರ್ಯ ಮಾಡಿ ಒಂದು ದಮ್ಮು ಎಳೆದಳು. ಅಷ್ಟೇ! ಕೆಮ್ಮು ಕಿತ್ತುಕೊಂಡು ಬಂತು. ಕಣ್ಣು, ಮೂಗು ಎಲ್ಲ ನೀರು. ಗೋಡೆ ಹಿಡಿದುಕೊಂಡು ಬಗ್ಗಿಬಿಟ್ಟಳು.

ಅವನು ಒಳಗೆ ಓಡಿ ಒಂದು ಲೋಟ ನೀರು ತಂದುಕೊಟ್ಟು, ಗಂಭೀರವಾಗಿ ಹೇಳಿದ: "ಹಳೇ ಗಿರಾಕಿಗೆ ಕೆಮ್ಮು ಸ್ವಲ್ಪ ಹೊಸದು ಅನ್ಸುತ್ತೆ."

ಅವಳು ನಕ್ಕಳು. ನೀರು ಮೂಗಿಗೆ ಹತ್ತಿ ಮತ್ತೆ ಕೆಮ್ಮಿದಳು, ಮತ್ತೆ ನಕ್ಕಳು. ತನ್ನ ನಗುವಿನ ಸದ್ದು ತನಗೇ ಅಪರಿಚಿತವಾಗಿ ಕೇಳಿಸಿತು.

* * *

ಅವಳು ಆ ದೊಡ್ಡ ಹೋಟೆಲ್ಲಿನ ಲಾಂಡ್ರಿಗೆ ಸೇರಿ ಕೆಲವು ತಿಂಗಳಾಗಿತ್ತು. ಅಮ್ಮ ತೀರಿಕೊಂಡ ಮೇಲೆ ಊರಿನಲ್ಲಿ ಅವಳಿಗೆ ಯಾರೂ ಉಳಿದಿರಲಿಲ್ಲ. "ನಮ್ಮ ಮನೆಗೇ ಬಂದುಬಿಡೇ," ಎಂದು ಅಕ್ಕ ಕರೆದಿದ್ದಳು. ಅಕ್ಕ ಕರೆಯುವಾಗ ಪಕ್ಕದಲ್ಲಿದ್ದ ಭಾವ ಪೇಪರಿನಿಂದ ತಲೆ ಎತ್ತಿರಲಿಲ್ಲ. ಅವಳಿಗೆ ಅಷ್ಟು ಸಾಕಾಗಿತ್ತು. "ಬೇಡ ಅಕ್ಕಾ, ಕೆಲಸ ಸಿಕ್ಕಿದೆ," ಎಂದು ಹೇಳಿ ಈ ನಗರಕ್ಕೆ ಬಂದಿದ್ದಳು.

ಲಾಂಡ್ರಿ ಇದ್ದದ್ದು ನೆಲಮಾಳಿಗೆಯಲ್ಲಿ. ಒಗೆಯುವ ಯಂತ್ರಗಳು, ಒಣಗಿಸುವ ಯಂತ್ರಗಳು, ಕಿವಿ ಕಿತ್ತುಹೋಗುವಂಥ ಗದ್ದಲ. ಹೆಂಗಸರೆಲ್ಲ ಕಿವಿಗೆ ಹತ್ತಿ ತುರುಕಿಕೊಂಡು ಕೈಸನ್ನೆಯಲ್ಲೇ ಮಾತಾಡುತ್ತಿದ್ದರು. ಅವಳ ಕೆಲಸ ದೊಡ್ಡ ಇಸ್ತ್ರಿ ಯಂತ್ರಕ್ಕೆ ಬೆಡ್‌ಶೀಟುಗಳನ್ನು ಒಂದೊಂದಾಗಿ ಕೊಡುವುದು. ಆ ಕಡೆಯಿಂದ ಬೆಚ್ಚಗೆ ಹೊರಬರುವ ಶೀಟುಗಳನ್ನು ಒಬ್ಬ ಹಿರಿಯ ಹೆಂಗಸು ಮಡಿಸುತ್ತಿದ್ದರು. ಎಲ್ಲರೂ ಅವರನ್ನು 'ಮಡಿಕೆ ಅಜ್ಜಿ' ಎನ್ನುತ್ತಿದ್ದರು. ಒಂದೇ ಬಟ್ಟೆಯನ್ನು ಇಬ್ಬರೂ ಮುಟ್ಟುತ್ತಿದ್ದರೂ, ನಡುವೆ ಯಂತ್ರ ಅಡ್ಡ ನಿಂತು ಅಜ್ಜಿಯ ಮುಖ ಇವಳಿಗೆ ಕಾಣುತ್ತಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಇವಳ ತುಟಿ ಪಿಟಕ್ಕೆನ್ನದ ದಿನಗಳೇ ಹೆಚ್ಚು.

ಬಾಡಿಗೆ ಕೋಣೆಗೆ ಹೋದರೆ ಅಲ್ಲೂ ಮೌನ. ಒಮ್ಮೊಮ್ಮೆ ತನ್ನ ಗಂಟಲು ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ನೋಡಲು ಸ್ಟೌವ್‌ ಹತ್ತಿಸುತ್ತಾ, "ಹಾಲು ಉಕ್ಕುತ್ತೆ, ನೋಡ್ಕೋ," ಎಂದು ತನಗೇ ಹೇಳಿಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ಸೆಕೆ ತಡೆಯಲಾರದೆ ಸೂಪರ್‌ವೈಸರ್ ಮೇಡಂ ಹತ್ತಿರ ಹೋಗಿ ಕೇಳಿದ್ದಳು. "ಮೇಡಂ, ಸ್ವಲ್ಪ ಹೊರಗೆ ಗಾಳಿಗೆ ಹೋಗಿ ಬರ್ಲಾ?"

"ಸಿಗರೇಟು ಸೇದ್ತೀಯಾ?"

"ಇಲ್ಲ ಮೇಡಂ."

"ಮತ್ತೆ ಗಾಳೀಲಿ ಏನ್ ಕೆಲಸ ನಿಂಗೆ?"

ಸೇದುವವರಿಗೆ ಮಾತ್ರ ಬಿಡುವು! ಚಟ, ಪಾಪ, ಅವರಾದರೂ ಏನು ಮಾಡಿಯಾರು ಎಂಬ ರಿಯಾಯಿತಿ ಅದು. ಚಟವಿಲ್ಲದವರು ಸುಮ್ಮನೆ ದುಡಿಯಬೇಕು.

ಹಿಂಬಾಗಿಲಿಗೆ ಒಂದು ಗಾಜಿತ್ತು. ಅದರಾಚೆ ಅಡುಗೆಮನೆಯವರು, ಲಗೇಜು ಹೊರುವವರು, ಸೆಕ್ಯೂರಿಟಿಯವರು ಹೊಗೆಯ ನಡುವೆ ನಿಂತು ಹೊಟ್ಟೆ ಹಿಡಿದುಕೊಂಡು ನಗುವುದು ಕಾಣುತ್ತಿತ್ತು. ಸದ್ದು ಮಾತ್ರ ಕೇಳುತ್ತಿರಲಿಲ್ಲ. ಅವಳು ಶೀಟಿನ ಟ್ರಾಲಿ ತಳ್ಳಿಕೊಂಡು ಆ ಬಾಗಿಲ ಮುಂದೆ ಹಾಯುವಾಗಲೆಲ್ಲ ನಡಿಗೆ ನಿಧಾನವಾಗುತ್ತಿತ್ತು.

'ಅಲ್ಲಿ ನಿಲ್ಲೋಕೆ ಒಂದು ಸಿಗರೇಟು ಸಾಕಲ್ಲ...'

ಹಾಗೆ ಅನ್ನಿಸಿದ ಮರುದಿನ ಕೆಲಸಕ್ಕೆ ಬರುವಾಗ ಒಂದು ಪ್ಯಾಕು ಕೊಂಡು, ಕದ್ದ ಮಾಲಿನ ಹಾಗೆ ಬ್ಯಾಗಿನ ತಳಕ್ಕೆ ತುರುಕಿಕೊಂಡಳು. ಎಲ್ಲರೂ ಹೋದ ಮೇಲೆ, ಯಾರೂ ನೋಡದ ಹಾಗೆ ಒಮ್ಮೆ ಕಲಿತುಬಿಡೋಣ ಎಂದು ಹೊರಗೆ ಬಂದಿದ್ದಳು. ನೋಡಿದವನು ಅವನೊಬ್ಬನೇ.

* * *

ಅವನು ಅಡುಗೆಮನೆಯಲ್ಲಿ ಸೂಪು ಮಾಡುವವನು. ಬೆಳಗಿನಿಂದ ರಾತ್ರಿಯವರೆಗೆ ಬರೀ ಸೂಪು. ಹಾಗಾಗಿ ಇಡೀ ಹೋಟೆಲ್ಲಿಗೆ ಅವನು 'ಸೂಪಣ್ಣ'. ಕೇಕು ಮಾಡುವ ಅಕ್ಕನಿಂದ ಹಿಡಿದು ಮ್ಯಾನೇಜರಿನವರೆಗೆ ಎಲ್ಲರೂ ಹಾಗೇ ಕರೆಯುತ್ತಿದ್ದರು.

ಅವಳಿಗೆ ಮಾತ್ರ ಆ ಹೆಸರು ಪೂರ್ತಿ ಬಾಯಿಗೆ ಬರುತ್ತಿರಲಿಲ್ಲ. 'ಸೂಪು' ಬರುತ್ತಿತ್ತು. 'ಅಣ್ಣ' ಬರುತ್ತಿರಲಿಲ್ಲ! ಏನು ಮಾಡಿದರೂ ನಾಲಿಗೆ ಹೊರಳುತ್ತಿರಲಿಲ್ಲ.

"ನಮಸ್ಕಾರ ಸೂಪು... ಅವರೇ," ಎನ್ನುತ್ತಿದ್ದಳು.

"ನಮಸ್ಕಾರ ಇಸ್ತ್ರಿಯವರೇ," ಎನ್ನುತ್ತಿದ್ದ ಅವನು.

ದಿನಾ ಮಧ್ಯಾಹ್ನ ಊಟದ ಗಲಾಟೆ ಮುಗಿದ ಮೇಲೆ ಇಬ್ಬರೂ ಆ ಮೆಟ್ಟಿಲ ಹತ್ತಿರ ಸೇರುತ್ತಿದ್ದರು. ಅವನು ತನ್ನ ಗಿರಾಕಿಗಳ ಕಥೆ ಹೇಳುತ್ತಿದ್ದ. ಸೂಪಿನಲ್ಲಿ ತಮ್ಮ ಕನ್ನಡಕ ಬಿದ್ದದ್ದು ಗೊತ್ತಾಗದೆ, 'ಈ ಸೂಪಲ್ಲಿ ಏನೋ ಗಟ್ಟಿ ಇದೆ, ಚೆನ್ನಾಗಿದೆ' ಎಂದ ಮುದುಕರ ಕಥೆ. ಅವಳು ದಿಂಬಿನ ಕವರುಗಳಲ್ಲಿ ಸಿಗುವ ವಸ್ತುಗಳ ಕಥೆ ಹೇಳುತ್ತಿದ್ದಳು. ಒಂದು ಕಾಲುಚೀಲ, ಒಂದು ಬಾಚಣಿಗೆ, ಒಮ್ಮೆ ಒಂದು ಹಲ್ಲುಸೆಟ್ಟು!

"ಹಲ್ಲು ಬಿಟ್ಟು ಹೋದೋರು ತಿಂಡಿ ಹೆಂಗೆ ತಿಂದ್ರು?"

"ಅದಕ್ಕೇ ನಿಮ್ಮ ಸೂಪು ಅಷ್ಟು ಖರ್ಚಾಗೋದು," ಎಂದಿದ್ದಳು ಅವಳು. ಅವನು ಮೆಟ್ಟಿಲ ಮೇಲೆ ಕುಸಿದು ಕೂತು ನಕ್ಕಿದ್ದ.

ಮೊದಮೊದಲು ಅವಳು ಹೊಗೆಯನ್ನು ಬಾಯಲ್ಲೇ ತುಂಬಿಕೊಂಡು ಊದಿಬಿಡುತ್ತಿದ್ದಳು. ಕೈಯಲ್ಲೊಂದು ಸಿಗರೇಟು ಇದ್ದರಾಯಿತು, ಅಲ್ಲಿ ನಿಲ್ಲಲು ಅದೇ ಟಿಕೆಟ್ಟು. ಅವನಿಗೆ ಅದು ಗೊತ್ತಾಗುತ್ತಿತ್ತೋ ಏನೋ, ಸುಮ್ಮನಿರುತ್ತಿದ್ದ.

ಒಂದು ದಿನ ಅವಳು ಕೇಳಿದಳು. "ನೀವು ಯಾಕೆ ಶುರು ಮಾಡಿದ್ರಿ?"

ಅವನು ಬೂದಿ ಕೊಡವಿದ.

"ಅಪ್ಪ ಹೋದ ದಿನ," ಎಂದ. "ಒಳಗೆ ಹೆಂಗಸರು ಒಬ್ಬರನ್ನೊಬ್ಬರು ತಬ್ಕೊಂಡು ಅಳ್ತಿದ್ರು. ಗಂಡಸರೆಲ್ಲ ಹೊರಗೆ ನಿಂತಿದ್ವಿ. ನನ್ನ ಹತ್ರ ಏನು ಮಾತಾಡ್ಬೇಕು ಅಂತ ಒಬ್ಬರಿಗೂ ಗೊತ್ತಾಗ್ಲಿಲ್ಲ. ಆಗಿನ್ನೂ ಮೀಸೆ ಬರ್ತಿತ್ತು ನಂಗೆ. ಕೊನೆಗೆ ಚಿಕ್ಕಪ್ಪ ಬಂದು ಒಂದು ಸಿಗರೇಟು ಕೊಟ್ರು. ಪಾಪ, ಅವರಿಗೂ ಬೇರೆ ಏನು ಕೊಡ್ಬೇಕು ಅಂತ ತೋಚಿರ್ಲಿಲ್ಲ. ತಗೊಂಡೆ. ಗಂಟಲಿಗೆ ಬಂದಿದ್ದ ಅಳು ಹೊಗೆ ಜೊತೆ ಒಳಗೆ ಹೋಯ್ತು. ಅವತ್ತಿಂದ ಹಂಗೇ ನಡೀತಿದೆ..."

"ಈಗಲೂ ಅಳು ಬರುತ್ತಾ?"

"ಅಳು ಯಾವುದು, ಅಭ್ಯಾಸ ಯಾವುದು ಅಂತ ಮರ್ತೇ ಹೋಗಿದೆ ಇಸ್ತ್ರಿಯವರೇ." ಅವನು ನಗಲು ನೋಡಿದ. "ನೀವು ಹೇಳಿ. ನಿಜ ಹೇಳಿ. ನೀವು ಯಾಕೆ?"

'ನಿಮ್ಮ ಜೊತೆ ನಿಲ್ಲೋಕೆ...'

ಮಾತು ತುಟಿಯವರೆಗೂ ಬಂತು. ಬಂದು ಅಲ್ಲೇ ನಿಂತಿತು.

"ಸುಮ್ನೆ," ಎಂದಳು.

ಅಂದು ಅವಳಿಗೆ ಒಂದು ಸಂಗತಿ ಖಚಿತವಾಗಿ ಗೊತ್ತಾಯಿತು. ಈ ಮನುಷ್ಯನ ಮೇಲೆ ತನಗೆ ಬರೀ ಸಲಿಗೆಯಲ್ಲ, ಜೀವವೇ ಇದೆ ಎಂದು. ಎದೆ ಹಗುರಾಗುವ ಬದಲು ಭಾರವಾಯಿತು. ಇಷ್ಟು ಬೇಕಾದವರನ್ನು ಕಳೆದುಕೊಂಡರೆ ಹೇಗಿರುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

* * *

ಭಾನುವಾರ ರಜೆ. ಅವಳಿಗೆ ವಾರದ ಏಳು ದಿನಗಳಲ್ಲಿ ಅತಿ ಉದ್ದದ ದಿನ ಅದೇ. ಅಕ್ಕ ಫೋನು ಮಾಡುತ್ತಿದ್ದಳು. ತನ್ನ ಸೊಂಟನೋವು, ಅತ್ತೆಯ ಸಿಡಿಮಿಡಿ, ಭಾವನ ಹೊಸ ಗಾಡಿ ಎಲ್ಲ ಹೇಳಿ ಮುಗಿಸಿ, "ನಿಂದೇನೇ ಸಮಾಚಾರ?" ಎನ್ನುವಷ್ಟರಲ್ಲಿ ಕುಕ್ಕರು ಕೂಗುತ್ತಿತ್ತು. "ಆಮೇಲೆ ಮಾಡ್ತೀನಿ ಕಣೇ," ಎನ್ನುತ್ತಿದ್ದಳು. ಮಾಡುತ್ತಿರಲಿಲ್ಲ.

ಅಂಥದ್ದೇ ಒಂದು ಭಾನುವಾರ, ಫೋನು ಕೆಳಗಿಟ್ಟ ಮೇಲೆ ಅವಳ ಕೈ ತಾನಾಗಿ ಬ್ಯಾಗಿಗೆ ಹೋಯಿತು. ಕಿಟಕಿಯ ಹತ್ತಿರ ನಿಂತು ಸಿಗರೇಟು ಹಚ್ಚಿದಳು. ಎದುರಿಗೆ ಪಕ್ಕದ ಕಟ್ಟಡದ ಗೋಡೆ. ಈ ಬಾರಿ ಹೊಗೆಯನ್ನು ಬಾಯಲ್ಲಿ ನಿಲ್ಲಿಸಲಿಲ್ಲ, ಎದೆಯವರೆಗೂ ಎಳೆದುಕೊಂಡಳು. ಕೆಮ್ಮು ಬರಲಿಲ್ಲ. ತಲೆ ಸುತ್ತಿದಂತಾಗಿ, ಆಮೇಲೆ ಹಿತವಾಯಿತು.

ಅರ್ಧ ಸೇದಿದ ಮೇಲೆ ಹಿಂದಿರುಗಿ ಕೋಣೆಯನ್ನು ನೋಡಿದಳು.

'ಇಲ್ಲಿ ಯಾರೂ ಇಲ್ಲ! ಯಾರ ಜೊತೆ ನಿಲ್ಲೋಕೆ ಸೇದ್ತಿದ್ದೀನಿ ನಾನು?'

ಬಾಗಿಲು ಬಡಿದ ಸದ್ದು. ಕೆಳಗಿನ ಮನೆಯ ಓನರ್ ಆಂಟಿ. "ಏನಮ್ಮಾ, ಏನೋ ಸುಟ್ಟ ವಾಸನೆ?"

"ಇಸ್ತ್ರಿ ಮಾಡ್ತಿದ್ದೆ ಆಂಟಿ. ಬಟ್ಟೆ ಸ್ವಲ್ಪ..."

"ಹೊಟ್ಟೆಪಾಡಿಗೆ ಅದೇ ಕೆಲಸ ಮಾಡೋಳು, ಮನೇಲಿ ಬಟ್ಟೆ ಸುಡ್ತೀಯಾ? ಚೆನ್ನಾಗಿದೆ!" ಎಂದು ಗೊಣಗುತ್ತಾ ಆಂಟಿ ಇಳಿದುಹೋದರು.

ಅವಳು ಬಾಗಿಲಿಗೆ ಒರಗಿ ನಿಂತಳು. ನಾಳೆ ಅವನಿಗೆ ಹೇಳಬೇಕು, ಎಲ್ಲ ಹೇಳಿಬಿಡಬೇಕು, ಎಂದುಕೊಂಡಳು.

ಮರುದಿನ ಅವನು ಬರಲಿಲ್ಲ.

* * *

ಅದರ ಮರುದಿನವೂ ಬರಲಿಲ್ಲ. ಹುಷಾರಿಲ್ಲವೇನೋ ಅಂದುಕೊಂಡಳು. ಊರಿಗೆ ಹೋಗಿರಬೇಕು ಅಂದುಕೊಂಡಳು. ಒಂದು ದಿನ ಮೆಟ್ಟಿಲ ಮೇಲೆ ಕಾಯುತ್ತಿದ್ದಾಗ ಅಡುಗೆಮನೆಯ ಬಾಗಿಲು ತೆರೆಯಿತು. ಅವನೇ! ಅವಳ ಮುಖ ಅರಳಿತು. ಅವನು ಅವಳನ್ನು ನೋಡಿದ. ಒಂದು ಕ್ಷಣ ನಿಂತ. ತಲೆ ತಗ್ಗಿಸಿ ಸರಕ್ಕನೆ ಒಳಗೆ ತಿರುಗಿಬಿಟ್ಟ.

ಅವಳ ಕೈಯಲ್ಲಿದ್ದ ಸಿಗರೇಟಿನ ಬೂದಿ ಉದ್ದವಾಗಿ ಬೆಳೆದು ತಾನೇ ಉದುರಿತು.

"ನೀವಿಬ್ಬರೂ ಜಗಳ ಆಡಿದ್ರಾ?" ಕೇಕಿನ ಅಕ್ಕ ಪಕ್ಕಕ್ಕೆ ಬಂದು ಕೇಳಿದಳು. "ಸೂಪಣ್ಣ ಈ ಕಡೆ ತಲೆ ಹಾಕಲ್ವಂತೆ. ಯಾಕೋ ಅಂದ್ರೆ, ಅವಳನ್ನ ನೋಡಿದ್ರೆ ನಂಗೆ ಆಗಲ್ಲ ಅಕ್ಕ ಅಂತಾನೆ."

'ನನ್ನನ್ನ ನೋಡಿದ್ರೆ ಆಗಲ್ವಾ?'

ಅವಳು ಒಳಗೆ ಹೋಗಿ ಶೀಟುಗಳನ್ನು ಯಂತ್ರಕ್ಕೆ ಕೊಡತೊಡಗಿದಳು. ಆ ಗದ್ದಲದಲ್ಲಿ ಅತ್ತರೂ ಯಾರಿಗೂ ಕೇಳಿಸುವುದಿಲ್ಲ ಎಂಬುದೊಂದೇ ಸಮಾಧಾನ.

ಆ ವಾರವೇ ಸ್ಟಾಫ್ ಕ್ಯಾಂಟೀನಿನಲ್ಲಿ ಅವನು ಒಬ್ಬನೇ ಊಟಕ್ಕೆ ಕೂತಿದ್ದು ಕಂಡು, ಅವಳು ಗಟ್ಟಿ ಮನಸ್ಸು ಮಾಡಿ ಎದುರಿಗೆ ಹೋಗಿ ಕೂತಳು. ಅವನು ತಟ್ಟೆ ಎತ್ತಿಕೊಂಡು ಎದ್ದೇಬಿಟ್ಟ. ಅವನ ಕಣ್ಣಿನ ಕೆಳಗೆ ಕಪ್ಪು.

"ನಾನೇನು ತಪ್ಪು ಮಾಡ್ದೆ ಅಂತಾದ್ರೂ ಹೇಳಿ," ಎಂದಳು.

"ನಿಮ್ಮ ತಪ್ಪೇನಿಲ್ಲ. ಸ್ವಲ್ಪ ದಿನ ನನ್ನ ಹತ್ರ ಬರ್ಬೇಡಿ, ದಯವಿಟ್ಟು. ನಾನು ಸಿಗರೇಟು ಬಿಟ್ಟಿದ್ದೀನಿ. ನಿಮ್ಮ ವಾಸನೆ ನಂಗೆ..."

"ನನ್ನ ವಾಸನೆ?"

ಪಕ್ಕದ ಮೇಜಿನವರು ತಿರುಗಿ ನೋಡಿದರು. ಅವನು ನಾಲಿಗೆ ಕಚ್ಚಿಕೊಂಡ. "ಹಂಗಲ್ಲ, ಸಿಗರೇಟಿನ..."

"ಆ ವಾಸನೆ ನಂಗೆ ಎಲ್ಲಿಂದ ಬಂತು?" ನಿಲ್ಲಿಸಬೇಕು ಎಂದುಕೊಂಡರೂ ಅವಳ ಮಾತು ನಿಲ್ಲಲಿಲ್ಲ. "ಸೇದೋಕೆ ಬರ್ತಿರ್ಲಿಲ್ಲ ನಂಗೆ. ನಿಮಗೂ ಗೊತ್ತು! ನಾಲ್ಕು ಮಾತಾಡೋಕೆ ಒಂದು ಜೀವ ಸಿಗುತ್ತೆ ಅಂತ ಬಂದು ನಿಂತೆ. ಆಮೇಲೆ ನಿಮಗೋಸ್ಕರ ಬಂದು ನಿಂತೆ. ಈಗ ನನ್ನ ಕೈಲಿ ಬಿಡೋಕಾಗ್ತಿಲ್ಲ. ನೀವು ಬಿಟ್ರಿ. ಸಂತೋಷ! ಅದರ ಜೊತೆ ನನ್ನನ್ನೂ ಬಿಟ್ರಿ. ಒಂದು ಮಾತು ಹೇಳಿ ಬಿಡ್ಬಹುದಿತ್ತು, ಅಷ್ಟೇ."

ಅವಳು ಹಿಂದಿರುಗಿ ನೋಡದೆ ನಡೆದುಬಿಟ್ಟಳು.

* * *

ಮೆಟ್ಟಿಲ ಹತ್ತಿರ ಅಂದು ಯಾರೂ ಇರಲಿಲ್ಲ. ಅವಳು ಒಂದು ಸಿಗರೇಟು ಹಚ್ಚಿದಳು. ಅದು ಮುಗಿದ ಮೇಲೆ ಇನ್ನೊಂದು. ಬಾಯೆಲ್ಲ ಕಹಿ.

ಜನ ಬೇಕು ಅಂತ ಇದನ್ನು ಹಿಡಿದಿದ್ದಳು. ಜನ ಹೋದರು, ಇದು ಉಳಿಯಿತು. ಕೋಣೆಯಲ್ಲೂ ಇದೇ, ಇಲ್ಲೂ ಇದೇ. ಅವಳ ಬದುಕಿಗೆ ಬಂದುಹೋಗುವ ನೆಂಟ ಅಂದರೆ ಇದೊಂದೇ ಈಗ. ಅದೂ ಎಂಥ ನೆಂಟ? ಬಂದಷ್ಟೂ ಹೊತ್ತು ಇವಳನ್ನೇ ತಿನ್ನುವಂಥದ್ದು.

'ಸಾಕು,' ಅನ್ನಿಸಿತು.

ಅವನಿಗೋಸ್ಕರ ಅಲ್ಲ. ಅವನು ಬರಲಿ ಅಂತಲೂ ಅಲ್ಲ. ಅಮ್ಮ ಇದ್ದಿದ್ದರೆ ಈ ಸ್ಥಿತಿ ನೋಡಿ ಏನು ಹೇಳುತ್ತಿದ್ದಳೋ ಅದನ್ನು ಈಗ ಹೇಳುವವರು ಯಾರೂ ಇಲ್ಲ. ಹಾಗಾಗಿ ತಾನೇ ಹೇಳಿಕೊಳ್ಳಬೇಕು. ಪ್ಯಾಕನ್ನು ನಲ್ಲಿಯ ನೀರಿಗೆ ಹಿಡಿದು, ಹಿಂಡಿ, ಕಸದ ಡಬ್ಬಿಗೆ ಎಸೆದಳು.

ಎಸೆದಷ್ಟು ಸುಲಭವಾಗಿ ಅದು ಬಿಡಲಿಲ್ಲ. ತಲೆ ಸಿಡಿಯುತ್ತಿತ್ತು. ಮೂಗಿನ ತುದಿಯಲ್ಲೇ ಕೋಪ. ಒಂದು ಗುಂಡಿ ಕಿತ್ತುಬಂದರೆ ಅಳು, ಬಸ್ಸು ತಡವಾದರೆ ಅಳು. ಬಾಯಿಗೆ ಲವಂಗ ಹಾಕಿಕೊಂಡು ನಾಲಿಗೆ ಮರಗಟ್ಟಿತು. ಒಂದು ಸಂಜೆ ಸೋತು ಅಂಗಡಿಗೆ ಹೋಗಿ ಒಂದೇ ಒಂದು ಕೊಂಡು ಸೇದಿ, ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡು ಮನೆಗೆ ಬಂದಳು. ಇನ್ನೊಂದು ದಿನ ಹಾಗೇ ಆಯಿತು. ಮತ್ತೆ ಮೊದಲಿನಿಂದ ಶುರು.

ಎಲ್ಲಕ್ಕಿಂತ ಕಷ್ಟವಾದದ್ದು ಮಧ್ಯಾಹ್ನದ ಆ ಹೊತ್ತು. ಸೇದುವವರೆಲ್ಲ ಹೊರಗೆ ಹೋಗುವಾಗ ಅವಳ ಕಾಲು ತಾನಾಗಿ ಎಳೆಯುತ್ತಿತ್ತು. ಒಂದು ದಿನ ತಡೆಯಲಾಗಲಿಲ್ಲ. ಯಂತ್ರ ಬಿಟ್ಟು ಸೀದಾ ಸೂಪರ್‌ವೈಸರ್ ಮೇಡಂ ಮುಂದೆ ಹೋಗಿ ನಿಂತಳು.

"ಮೇಡಂ, ನಂಗೆ ಹತ್ತು ನಿಮಿಷ ಬೇಕು."

"ಸಿಗರೇಟಿಗೆ ತಾನೇ? ಹೋಗು."

"ಸಿಗರೇಟು ಬಿಟ್ಟಿದ್ದೀನಿ. ಆದ್ರೂ ಬೇಕು."

ಮೇಡಂ ಹುಬ್ಬು ಗಂಟಿಕ್ಕಿದರು. "ಬಿಟ್ಟ ಮೇಲೆ ಯಾಕೆ?"

"ಸೇದೋರ ಶ್ವಾಸಕೋಶಕ್ಕೆ ಇರೋ ಬಿಡುವು ಸೇದದೇ ಇರೋರ ಬೆನ್ನಿಗೆ ಬೇಡ್ವಾ ಮೇಡಂ? ನಾನು ಇದನ್ನ ಕಲ್ತಿದ್ದೇ ಆ ಬಾಗಿಲ ಹೊರಗೆ ನಿಲ್ಲೋಕೆ. ಮತ್ತೆ ಕಲೀಲಾ, ಹೇಳಿ?"

ಆ ಹೊತ್ತಿಗೆ ಸರಿಯಾಗಿ ಒಂದು ಯಂತ್ರ ನಿಂತಿದ್ದರಿಂದ ಕೊನೆಯ ಮಾತು ಇಡೀ ಲಾಂಡ್ರಿಗೆ ಕೇಳಿಸಿತು. ಎಲ್ಲರೂ ತಿರುಗಿ ನೋಡಿದರು. ಆದರೆ ಅವಳು ಕದಲಲಿಲ್ಲ.

ಮೇಡಂ ಬಾಯಿ ತೆರೆಯುವ ಮೊದಲೇ ಇಸ್ತ್ರಿ ಯಂತ್ರದ ಆ ಕಡೆಯಿಂದ ಮಡಿಕೆ ಅಜ್ಜಿ ಬಂದರು. ಕಿವಿಯ ಹತ್ತಿ ತೆಗೆಯುತ್ತಾ, "ನಂಗೂ ಬೇಕು ಮೇಡಂ ಹತ್ತು ನಿಮಿಷ. ಸೊಂಟ ಬಿದ್ದೋಗಿದೆ," ಎಂದರು. ಆಮೇಲೆ ದಿಂಬಿನ ಕವರಿನವಳು. ಆಮೇಲೆ ಟವೆಲ್ಲಿನವಳು.

ಮೇಡಂ ಎಲ್ಲರ ಮುಖವನ್ನೂ ನೋಡಿದರು. "ಇಬ್ಬಿಬ್ಬರಾಗಿ ಹೋಗಿ, ಒಟ್ಟಿಗೆ ಹೋಗಿ ನನ್ನ ತಲೆ ತೆಗೀಬೇಡಿ," ಎಂದು ಬೇರೆ ಕಡೆ ತಿರುಗಿದರು.

ಹಿತ್ತಲಿನಲ್ಲಿ ಬಿಸಿಲು ಬಿದ್ದ ಕಡೆ ಅಜ್ಜಿ ಮತ್ತು ಅವಳು ಕೂತರು.

"ನೀನು ಮಾತಾಡೋ ಹುಡುಗಿ ಅಲ್ಲ ಅಂದ್ಕೊಂಡಿದ್ವಿ ಕಣಮ್ಮ," ಎಂದರು ಅಜ್ಜಿ. "ಬಂದ ದಿನದಿಂದ ಗುಮ್ಮನ ಹಾಗೆ. ಆಮೇಲೆ ಆ ಅಡುಗೆಯವರ ಗುಂಪು ಸೇರ್ಕೊಂಡೆ. ನಮ್ಮನ್ನ ಕಂಡ್ರೆ ಇವಳಿಗೆ ಅಷ್ಟಕ್ಕಷ್ಟೆ ಅಂತ ಸುಮ್ಮನಾದ್ವಿ."

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಷ್ಟು ದಿನ ಒಂದೇ ಬೆಡ್‌ಶೀಟಿನ ಎರಡು ತುದಿಯಲ್ಲಿ ಇಬ್ಬರೂ ಹೀಗೇ ಅಂದುಕೊಂಡು ನಿಂತಿದ್ದರು!

"ಅಜ್ಜೀ... ನಿಮ್ಮ ಮನೆ ಯಾವ ಕಡೆ?"

ನೋಡಿದರೆ ಅವಳ ಕೋಣೆಯ ಹಿಂದಿನ ಬೀದಿಯೇ. ಅಂದಿನಿಂದ ಸಂಜೆ ಇಬ್ಬರೂ ಜೊತೆಗೇ ಬಸ್ಸು ಹತ್ತಿದರು. ಅಜ್ಜಿ ಬಸ್ಸಿನಲ್ಲಿ ತೂಕಡಿಸಿ ಅವಳ ಹೆಗಲಿಗೆ ತಲೆಯಾನಿಸುತ್ತಿದ್ದರು. ಅವಳು ಕಿಟಕಿಯಾಚೆ ನೋಡುತ್ತಾ ಕೂರುತ್ತಿದ್ದಳು. ಒಂಟಿತನ ಸ್ವಲ್ಪ ಸಡಿಲಾಗಿತ್ತು, ನಿಜ. ಆದರೆ ಅದರ ನಡುವೆ ಅವನಿದ್ದ ಜಾಗ ಮಾತ್ರ ಖಾಲಿಯೇ ಇತ್ತು. ಸಿಗರೇಟಿನ ಆಸೆ ದಿನದಿನಕ್ಕೆ ಕಡಿಮೆಯಾಯಿತು, ಅವನ ನೆನಪು ಕಡಿಮೆಯಾಗಲಿಲ್ಲ.

* * *

ಒಂದು ಭಾನುವಾರ ಬೆಳಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ಆಂಟಿ ಇರಬೇಕೆಂದು ತೆರೆದಳು.

ಅವನು ನಿಂತಿದ್ದ! ಬಿಳಿ ಕೋಟಿಲ್ಲದೆ, ಮಾಮೂಲಿ ಅಂಗಿಯಲ್ಲಿ. ಸ್ವಲ್ಪ ಸೊರಗಿದ್ದ.

"ಮಡಿಕೆ ಅಜ್ಜಿ ಮನೆ ತೋರ್ಸಿದ್ರು," ಎಂದ. "ಬೈಯೋದಿದ್ರೆ ಬೈದುಬಿಡಿ. ಕೇಳಿಸ್ಕೊಂಡು ಹೋಗ್ತೀನಿ."

ಅವಳು ಬಾಗಿಲು ಹಾಕಲಿಲ್ಲ.

"ಸೇದಿ ಸೇದಿ ನನ್ನ ನಾಲಿಗೆ ರುಚಿ ಹೋಗಿತ್ತು," ಎಂದ ಅವನು. "ಉಪ್ಪು ಗೊತ್ತಾಗ್ತಿರ್ಲಿಲ್ಲ. ಸೂಪು ವಾಪಸ್ ಬರೋಕೆ ಶುರುವಾಯ್ತು. ನಮ್ಮ ಹೆಡ್ ಕುಕ್ ಎಲ್ಲರ ಮುಂದೆ ಒಂದು ಚಮಚ ಬಾಯಿಗೆ ಹಿಡಿದು, ಹೇಳು, ಉಪ್ಪು ಇದೆಯಾ ಇಲ್ವಾ ಅಂದ್ರು. ಹೇಳೋಕಾಗ್ಲಿಲ್ಲ ನಂಗೆ. ಬೇರೆ ಕೆಲಸ ಬರಲ್ಲ ರೀ. ನಾಲಿಗೆ ಹೋದ್ರೆ ನಾನೇ ಹೋದ ಹಾಗೆ. ಅವತ್ತೇ ಬಿಟ್ಟೆ."

"ನಂಗೆ ಹೇಳ್ಬಹುದಿತ್ತು," ಎಂದಳು ಮೆಲ್ಲಗೆ.

"ಹೇಳೋಕೆ ಅಂತ ಬಂದೆ ಆ ದಿನ. ನೀವು ಮೆಟ್ಟಿಲ ಹತ್ರ ನಿಂತಿದ್ರಿ. ನಿಮ್ಮನ್ನ ನೋಡಿದ್ದೇ ತಡ, ಸಿಗರೇಟು ಬೇಕು ಅನ್ಸಿ ಕೈ ನಡುಗಿಬಿಡ್ತು. ಆಮೇಲೆ ಮನೇಲಿ ಕೂತಾಗ ಸಿಗರೇಟು ನೆನಪಾದ್ರೆ ನೀವೂ ನೆನಪಾಗ್ತಿದ್ರಿ. ಎರಡನ್ನೂ ಬೇರೆ ಬೇರೆ ಮಾಡೋಕೆ ಬರ್ಲಿಲ್ಲ ನಂಗೆ. ಅವಳನ್ನ ನೋಡಿದ್ರೆ ಆಗಲ್ಲ ಅಂದಿದ್ದು ನಿಜ. ತಡ್ಕೊಳ್ಳೋಕೆ ಆಗಲ್ಲ ಅಂತ. ಕೇಕಿನ ಅಕ್ಕ ಅರ್ಧ ಮಾತು ತಂದು ಹಾಕಿದ್ರು."

ಅವಳ ಕಣ್ಣು ಒದ್ದೆಯಾಯಿತು.

"ನೀವು ಬೈದು ಹೋದ್ರಲ್ಲ, ಅವತ್ತು ಮತ್ತೆ ಸೇದಿಬಿಟ್ಟೆ," ಎಂದ ಅವನು, ತಪ್ಪೊಪ್ಪಿಕೊಳ್ಳುವ ದನಿಯಲ್ಲಿ. "ಸೇದ್ತಾ ಅತ್ತೆ. ಎಷ್ಟು ವರ್ಷದ ಅಳುವೋ ಏನೋ... ಮತ್ತೆ ಮೊದಲಿಂದ ಶುರು ಮಾಡ್ದೆ. ಈಗ ಪರವಾಗಿಲ್ಲ."

"ನಾನೂ ಎರಡು ಸಲ ಜಾರಿದೆ."

"ನಿಮಗೆ ಅದು ಅಂಟಿದ್ದು ನನ್ನಿಂದ. ಮೊದಲ ದಿನವೇ ಕಿತ್ತು ಬಿಸಾಡ್ಬೇಕಿತ್ತು ನಾನು. ಬಿಸಾಡಿದ್ರೆ ನೀವು ಮತ್ತೆ ಬರಲ್ಲ ಅಂತ..." ಅವನ ಮಾತು ತಡವರಿಸಿತು. "ಅಂತ ಸ್ವಾರ್ಥಕ್ಕೆ ಬೆಂಕಿ ಹಿಡ್ದೆ. ನಂಗೂ ಯಾರೂ ಇರ್ಲಿಲ್ಲ ರೀ, ಮಾತಾಡೋಕೆ."

ಈ ಮನುಷ್ಯನೂ ಗುಂಪಿನ ನಡುವೆ ನಗುತ್ತಾ ನಿಂತು ಒಬ್ಬನೇ ಇದ್ದನೇ? ಗಾಜಿನ ಆಚೆಯಿಂದ ಅದು ಕಂಡಿರಲಿಲ್ಲ.

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು. ಓನರ್ ಆಂಟಿ ಒಣಗಿಸುವ ಬಟ್ಟೆಯ ಬಕೆಟ್ಟು ಹಿಡಿದು ಮಹಡಿಗೆ ಹೊರಟವರು, ಅವನನ್ನು ಕಂಡು ನಿಂತರು. ತಲೆಯಿಂದ ಕಾಲಿನವರೆಗೆ ಒಮ್ಮೆ ಅಳೆದು ನೋಡಿದರು.

"ಯಾರಮ್ಮ ಇವರು?"

'ನಮ್ಮ ಹೋಟೆಲಿನವರು' ಎನ್ನಲು ಹೊರಟಳು ಅವಳು. ಗಾಬರಿಯಲ್ಲಿ ನಾಲಿಗೆ ತೊಡರಿತು.

"ನಮ್ಮ... ನಮ್ಮವರು ಆಂಟಿ."

ಆಂಟಿಯ ಮುಖ ಅಲ್ಲೇ ಸಡಿಲವಾಯಿತು. "ಹೌದಾ! ಒಬ್ಬಳೇ ಹುಡುಗಿ ಅಂದ್ಕೊಂಡಿದ್ದೆ. ಯಜಮಾನರು ಬೇರೆ ಊರಲ್ಲಿದ್ರಾ? ಹೊಸಿಲ ಹೊರಗೆ ನಿಲ್ಲಿಸಿ ಮಾತಾಡಿಸ್ತಿದ್ದೀಯಲ್ಲಮ್ಮ, ಒಳಗೆ ಕರಿ," ಎಂದು ಬಕೆಟ್ಟು ಎತ್ತಿಕೊಂಡು ಮೇಲೆ ಹೋದರು.

ಚಪ್ಪಲಿಯ ಸದ್ದು ಮಹಡಿಯಲ್ಲಿ ಮಾಯವಾಯಿತು. ಅವಳ ಕಿವಿಗಳು ಕೆಂಪಾಗಿ ಉರಿಯುತ್ತಿದ್ದವು.

"ಏನಂದ್ರಿ ಈಗ?" ಅವನು ಕೇಳಿದ.

"ಏನಿಲ್ಲ! ನಮ್ಮ ಹೋಟೆಲಿನವರು ಅನ್ನೋಕೆ ಹೋದೆ. ಹೋಟೆಲ್ಲು ಬಿಟ್ಟುಹೋಯ್ತು. ಇರಿ, ಆಂಟಿಗೆ ಸರಿಯಾಗಿ ಹೇಳಿ ಬರ್ತೀನಿ..."

"ಬೇಡ." ಅವನ ದನಿ ಗದ್ಗದವಾಗಿತ್ತು. "ಬಿಟ್ಟಿದ್ದು ಬಿಟ್ಟ ಹಾಗೇ ಇರ್ಲಿ. ಮತ್ತೆ ಸೇರಿಸ್ಬೇಡಿ."

ಅವಳು ತಲೆಯೆತ್ತಿ ನೋಡಿದಳು. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು, ಅವನು ಅದನ್ನು ಒರೆಸಿಕೊಳ್ಳಲೂ ಇಲ್ಲ, ಮುಖ ತಿರುಗಿಸಲೂ ಇಲ್ಲ. ಅವಳು ಬಾಗಿಲನ್ನು ಪೂರ್ತಿ ತೆರೆದಳು.

"ಒಳಗೆ ಬನ್ನಿ. ಕುರ್ಚಿ ಮಾತ್ರ ಒಂದೇ ಇರೋದು."

"ನೀವು ಕೂತ್ಕೊಳ್ಳಿ. ನಂಗೆ ನಿಂತೇ ಅಭ್ಯಾಸ."

"ಇಷ್ಟು ದಿನ ನಿಂತ್ಕೊಂಡು ಮಾತಾಡಿದ್ದು ಸಾಕು," ಎಂದಳು ಅವಳು, ನೆಲದ ಮೇಲೆ ಚಾಪೆ ಹಾಸುತ್ತಾ. "ಇವತ್ತು ಕೂತ್ಕೊಂಡು ಮಾತಾಡೋಣ."